ಇಲಿಯ ಕಣ್ಣು, ನಮ್ಮ ಕಣ್ಣು

ಮನೆಯಲ್ಲಿ ಮಧುಮೇಹಿಗಳಿರುವುದರಿಂದ, ಇಲಿಗಳಲ್ಲಿ ಯಶಸ್ವಿಯಾದ ಹೊಸ ಔಷಧದ ಸುದ್ದಿ ಕಂಡಾಗಲೆಲ್ಲ ನಾನು ಆಸೆಯಿಂದಲೇ ಓದುತ್ತೇನೆ. ಓದಿ ಮುಗಿಸುವಾಗ ಸಾರ್ಬಿನಿಲ್ ಎಂಬ ಔಷಧ ನೆನಪಾಗುತ್ತದೆ. ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಚುಚ್ಚಿ ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಪಡಿಸಿದರೆ ಕೆಲವೇ ದಿನಗಳಲ್ಲಿ ರಕ್ತದ ಸಕ್ಕರೆ ಏರುತ್ತದೆ, ವಾರಗಳು ಕಳೆದಂತೆ ಕಣ್ಣಿನ ಮಸೂರವೂ ಮಬ್ಬಾಗುತ್ತದೆ. ಗ್ಲೂಕೋಸನ್ನು, ಮಸೂರದಲ್ಲಿ ಶೇಖರವಾಗಿ ಅದನ್ನು ಕೆಡಿಸುವ ಸಾರ್ಬಿಟಾಲ್ ಆಗಿ ಬದಲಿಸುವ ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವವನ್ನು ತಡೆದು ಸಾರ್ಬಿನಿಲ್ ಆ ಪೊರೆಯನ್ನು ದೂರವಿಟ್ಟಿತ್ತು. ಆದರೆ 1990ರಲ್ಲಿ ಪ್ರಕಟವಾದ ಮಾನವ ಪರೀಕ್ಷೆಯಲ್ಲಿ ಅದು ಅಕ್ಷಿಪಟಲದ ಹಾನಿಯನ್ನು ಗಮನಾರ್ಹವಾಗಿ ತಡೆಯಲಿಲ್ಲ, ಕೆಲವರಿಗೆ ತೀವ್ರ ಅಲರ್ಜಿಯೂ ಆಯಿತು. ಇಲಿಯ ಮಸೂರದಲ್ಲಿ ಆ ಕಿಣ್ವ ನಮ್ಮದಕ್ಕಿಂತ ಬಹಳ ಹೆಚ್ಚಿರುತ್ತದೆ. ಹಾಗೆಂದು ಆ ಪ್ರಯೋಗಗಳು ವ್ಯರ್ಥವೆನ್ನಲಾರೆ. ಸಕ್ಕರೆ ಅಂಗಾಂಗವನ್ನು ಕೆಡಿಸುವ ದಾರಿಯೊಂದನ್ನು ನಮಗೆ ತೋರಿಸಿಕೊಟ್ಟದ್ದು ಆ ಮೂಕಜೀವಿಗಳೇ.

ರಕ್ತ ಹೆಪ್ಪುಗಟ್ಟುವಿಕೆಯ ಮಾತೂ ಹೀಗೆಯೇ. ಇಲಿಯ ಬಾಲದ ತುದಿ ಕತ್ತರಿಸಿ ರಕ್ತ ನಿಲ್ಲುವ ಸಮಯವನ್ನು ನಿಮಿಷಗಳಲ್ಲಿ ಅಳೆಯಬಹುದು; ಮನುಷ್ಯರ ಲೆಕ್ಕಕ್ಕೆ ವರ್ಷಗಳೇ ಬೇಕು. 15,480 ಮಧುಮೇಹಿಗಳನ್ನು ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಬ್ರಿಟನ್ನಿನ ಅಸೆಂಡ್ ಅಧ್ಯಯನ, ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ಆಸ್ಪಿರಿನ್ನಿನಿಂದ ಹೃದಯ ಮತ್ತು ರಕ್ತನಾಳಗಳ ಅವಘಡಗಳು ತಗ್ಗಿದರೂ ಗಂಭೀರ ರಕ್ತಸ್ರಾವ ಹೆಚ್ಚಿ ಆ ಲಾಭ ಬಹುಮಟ್ಟಿಗೆ ಕರಗಿತೆಂದು 2018ರಲ್ಲಿ ವರದಿ ಮಾಡಿತು.