ನಮ್ಮ ಎಟಿವಿಗೆ ಬೇರೆ ಗಾಡಿಯ ಹಿಂದಿನ ಶಾಕ್ ಹಾಕಿದ ಕತೆ

ಜನವರಿಯಲ್ಲಿ ರೋಬಸ್ಟಾ ಕಾಫಿ ಕೊಯ್ಲು ಜೋರಾಗಿ ನಡೆಯುವಾಗಲೇ ನಮ್ಮ ಎಟಿವಿಯ (ಕಚ್ಚಾ ದಾರಿಯಲ್ಲಿ ಓಡುವ, ಬೈಕಿನ ಹಾಗೆ ಹತ್ತಿ ಕೂರುವ ನಾಲ್ಕು ಚಕ್ರದ ಗಾಡಿ) ಹಿಂದಿನ ಶಾಕ್, ಅಂದರೆ ಶಾಕ್ ಅಬ್ಸಾರ್ಬರ್, ಕೈ ಕೊಟ್ಟಿತು. ಬೆಳಿಗ್ಗೆ ಶೆಡ್ಡಿಗೆ ಹೋಗಿ ನೋಡಿದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರಗಳನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಮೇಲೆಲ್ಲ ಎಣ್ಣೆ, ಅದರ ಮೇಲೆ ಕೆಂಪು ಧೂಳು ಕೂತು ಗಟ್ಟಿಯಾಗಿತ್ತು. ಹತ್ತಿ ಕೂತರೆ ಹಿಂಭಾಗ ಸುಮ್ನೆ ಕುಸಿಯುತ್ತಿತ್ತು. ಕಲ್ಲು ಹತ್ತಿಸಿದರೆ ಒಂದು ಸಲ ಎದ್ದು ನಿಲ್ಲುವ ಬದಲು ಮೂರ್ನಾಲ್ಕು ಸಲ ಕುಣಿಯುತ್ತಿತ್ತು. ಸ್ಪ್ರಿಂಗ್ ಚೆನ್ನಾಗೇ ಇದೆ, ಅದರ ಕುಣಿತ ನಿಲ್ಲಿಸಬೇಕಾದ ಎಣ್ಣೆ ಹೊರಗೆ ಬಂದುಬಿಟ್ಟಿದೆ, ಅಷ್ಟೆ.

ನಮ್ಮ ತೋಟ ಕೊಡಗಿನ ಮಾದಾಪುರದ ಹತ್ತಿರ. ಕಣ ಮೇಲೆ, ಗದ್ದೆ ಕೆಳಗೆ, ನಡುವೆ ಇರುವುದೆಲ್ಲ ಇಳಿಜಾರು. ಜೀಪ್ ಹೋಗದ ದಾರಿಯಲ್ಲಿ ಹಣ್ಣಿನ ಮೂಟೆ, ಸ್ಪ್ರಿಂಕ್ಲರ್ ಪೈಪ್, ಡೀಸೆಲ್ ಕ್ಯಾನ್ ಎಲ್ಲ ಹೊರುವುದು ಈ ಎಟಿವಿಯೇ. ನಂಬರ್ ಪ್ಲೇಟ್ ಇಲ್ಲದ ಗಾಡಿ, ಗೇಟ್ ದಾಟುವುದಿಲ್ಲ. ಹಿಂದೆ ಒಂದೇ ಆಕ್ಸಲ್, ಚೈನ್, ನಡುವೆ ಒಂದೇ ಶಾಕ್. ಆ ಒಂದು ಹೋದರೆ ಮುಗಿಯಿತು.

ಹೊಸದಕ್ಕೆ ವಿಚಾರಿಸಿದೆ. ಮೂರು ತಿಂಗಳು ಕಾಯಬೇಕಂತೆ. ಬೆಲೆ ಕೇಳಿ ಅಪ್ಪ, "ಅದಕ್ಕೆ ಒಂದು ಹಸು ಬರ್ತದೆ" ಅಂದರು.

ಟೂರಿಸ್ಟ್‌ಗಳನ್ನು ಎಟಿವಿಯಲ್ಲಿ ಸುತ್ತಿಸುವ ಜಾಗಗಳು ಈಗ ಕೊಡಗಿನಲ್ಲಿ ಬೇಕಾದಷ್ಟಿವೆ ಅಲ್ವಾ, ಅಂಥ ಒಂದು ಕಡೆ ಕೆಟ್ಟು ಮೂಲೆ ಸೇರಿದ ಗಾಡಿಗಳಿವೆ ಅಂತ ಗೊತ್ತಾಯಿತು. ಹೋಗಿ ನೋಡಿದೆ. ನಮ್ಮ ಮಾಡೆಲ್ ಒಂದೂ ಇಲ್ಲ. ಆದರೆ ಬೇರೆ ಎರಡು ಮಾಡೆಲ್‌ಗಳ ಶಾಕ್ ಎಣ್ಣೆ ಸೋರದೆ, ಒಳಗೆ ಹೊರಗೆ ಜಾರುವ ರಾಡ್ ಮೇಲೆ ಗೀರಿಲ್ಲದೆ ಸಿಕ್ಕಿದವು. ಎರಡನ್ನೂ ಟೇಪ್ ಹಿಡಿದು ಅಳೆದೆ. ನಮ್ಮ ಹಳೆಯದು ಮೇಲಿನ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿಗೆ 330 ಮಿ.ಮೀ. ಒಂದನೆಯದು ಸರಿಯಾಗಿ 330. ಎರಡನೆಯದು 342.

ಯಾರಾದರೂ ಒಂದನೆಯದನ್ನೇ ಎತ್ತಿಕೊಳ್ಳುತ್ತಾರೆ. ನಾನೂ ಎತ್ತಿಕೊಂಡೆ. ದುಡ್ಡು ಕೊಡುವ ಹೊತ್ತಿಗೆ ರಾಡ್ ಕಡೆ ಕಣ್ಣು ಹೋಯಿತು. ಅದು ಜಾಸ್ತಿ ಉದ್ದ ಇತ್ತು. ಅಲ್ಲೇ ಕೂತು ಲೆಕ್ಕ ಹಾಕಿದೆ. ಶಾಕ್ ಪೂರ್ತಿ ಬಿಚ್ಚಿಕೊಂಡಾಗ ಎಷ್ಟು ಉದ್ದ ಅನ್ನುವುದನ್ನು ಎಲ್ಲರೂ ನೋಡುತ್ತಾರೆ, ಪೂರ್ತಿ ಒತ್ತಿದಾಗ ಎಷ್ಟು ಗಿಡ್ಡ ಆಗುತ್ತದೆ ಅನ್ನುವುದನ್ನು ಮಾತ್ರ ಯಾರೂ ನೋಡುವುದಿಲ್ಲ, ಆದರೆ ಟಯರ್ ಮಡ್‌ಗಾರ್ಡಿಗೆ ಹೊಡೆಯುವುದೋ ಇಲ್ಲವೋ ಅಂತ ತೀರ್ಮಾನ ಆಗುವುದು ಅಲ್ಲೇ. ನಮ್ಮ ಹಳೆ ಶಾಕ್ 65 ಮಿ.ಮೀ. ಒಳಗೆ ಹೋಗುತ್ತಿತ್ತು, ಅಂದರೆ ಪೂರ್ತಿ ಒತ್ತಿದಾಗ 265. ಒಂದನೆಯದು 80 ಒಳಗೆ ಹೋಗುತ್ತದೆ, ಹಾಗಾಗಿ 250. ಎರಡನೆಯದು 75, ಹಾಗಾಗಿ 267.

15 ಮಿ.ಮೀ. ತಾನೇ, ಏನಾಯಿತು ಅನ್ನಬಹುದು. ಶಾಕ್ ಇರುವುದು ಸ್ವಿಂಗ್ ಆರ್ಮ್ ಮಧ್ಯದಲ್ಲಿ, ಚಕ್ರ ಇರುವುದು ತುದಿಯಲ್ಲಿ. ನಮ್ಮ ಗಾಡಿಯಲ್ಲಿ ಚಕ್ರ 50 ಮಿ.ಮೀ. ಎದ್ದರೆ ಶಾಕ್ 20 ಮಿ.ಮೀ. ಒತ್ತುತ್ತದೆ. ಮನೆಯಲ್ಲೇ ಜ್ಯಾಕ್ ಕೊಟ್ಟು ಅಳೆದಿದ್ದೆ. ಎರಡೂವರೆ ಪಟ್ಟು. ಹಾಗಾದರೆ ಶಾಕಿನ 15 ಚಕ್ರದಲ್ಲಿ 37 ಚಿಲ್ಲರೆ ಆಗುತ್ತದೆ. ನಮ್ಮ ಟಯರಿಗೂ ಮಡ್‌ಗಾರ್ಡಿಗೂ ಅಷ್ಟು ಜಾಗ ಇಲ್ಲ. ಮೂಟೆ ಹೊತ್ತು ಒಂದು ಗುಂಡಿಗೆ ಇಳಿಸಿದ್ದರೆ ಟಯರ್ ಹೋಗಿ ಮಡ್‌ಗಾರ್ಡಿನ ಬೋಲ್ಟಿಗೇ ತಗುಲುತ್ತಿತ್ತು. ಉದ್ದ ಸರಿ ಇದ್ದದ್ದನ್ನು ಬಿಟ್ಟು ಸರಿ ಇಲ್ಲದ್ದನ್ನು ತಗೊಂಡು ಬಂದೆ. 2,500 ರೂಪಾಯಿ.

ಇನ್ನು ತೂತು. ನಮ್ಮ ಬೋಲ್ಟ್ 10 ಮಿ.ಮೀ., ಬಂದ ಶಾಕಿನ ಕಾಲರ್ (ಬೋಲ್ಟ್ ತೂರುವ ಒಳಗಿನ ಕೊಳವೆ) 12ರದು. ಫ್ರೇಮಿನ ಬ್ರ್ಯಾಕೆಟ್ ನಡುವೆ 34 ಮಿ.ಮೀ. ಜಾಗ, ಶಾಕಿನ ಕಣ್ಣು, ಅಂದರೆ ಕಾಲರ್ ಕೂರುವ ತುದಿಯ ಬಳೆ, 28 ಅಗಲ. ಕುಶಾಲನಗರದ ಲೇತ್ ಅಂಗಡಿಗೆ ಹಿಡಿದುಕೊಂಡು ಹೋದೆ. ಲೇತ್ ಅಣ್ಣ ಕೈಯಲ್ಲಿ ತಿರುಗಿಸಿ ನೋಡಿ, "ಎಂತ ಸಾರ್, ಫ್ರೇಮನ್ನೇ 12ಕ್ಕೆ ತೂತು ಹೊಡೆದುಬಿಡಿ, ಸೈಡಿಗೆ ವಾಷರ್ ತುಂಬಿಸಿ, ಆಯ್ತಲ್ಲ" ಅಂದ. ಒಳ್ಳೆಯ ಮನುಷ್ಯ, ಆದರೆ ಫ್ರೇಮಿಗೆ ತೂತು ಹೊಡೆದರೆ ಮತ್ತೆ ವಾಪಸ್ ಬರುವ ದಾರಿ ಇಲ್ಲ. ವಾಷರ್ ತುಂಬಿಸಿದರೆ ನಾಲ್ಕು ದಿನದಲ್ಲಿ ಒಂದಕ್ಕೊಂದು ತಿಂದುಕೊಂಡು ಟಕ್ ಟಕ್ ಶುರುವಾಗುತ್ತದೆ. ನನಗೆ ಬೇಡ ಅಂದೆ.

ಕೊನೆಗೆ ಒಳಗಿನ ಹಳೆ ಕಾಲರ್ ಒತ್ತಿ ತೆಗೆದು, ಇಎನ್8 ಅನ್ನುವ ಗಟ್ಟಿ ಸ್ಟೀಲಿನಲ್ಲಿ ಹೊಸದು ತಿರುಗಿಸಿದ. ಹೊರಗಿನ ಅಳತೆ ಹಳೆಯದರಷ್ಟೇ, ಒಳಗೆ 10 ಮಿ.ಮೀ. ತೂತು, ಉದ್ದ 34. ಕಾಲರ್ ಕಣ್ಣಿನ ಎರಡೂ ಕಡೆ ಮೂರು ಮೂರು ಮಿ.ಮೀ. ಹೊರಗೆ ಬರಬೇಕು. ಬೋಲ್ಟ್ ಬಿಗಿ ಮಾಡಿದಾಗ ಬ್ರ್ಯಾಕೆಟ್ ಹಿಡಿಯುವುದು ಕಾಲರನ್ನು, ಕಣ್ಣು ಅದರ ಸುತ್ತ ಸಲೀಸಾಗಿ ತಿರುಗುತ್ತಿರಬೇಕು. ಅವನು ಒಂದು ಕಾಲರನ್ನು 33.6ಕ್ಕೆ ಇಳಿಸಿಬಿಟ್ಟ. ಚಾ ಕುಡಿಯುತ್ತಾ ನನ್ನ ಪ್ಲಾಸ್ಟಿಕ್ ವರ್ನಿಯರಿನಲ್ಲಿ ಅಳೆದು ತೋರಿಸಿದೆ. ಮುಖ ಸಿಂಡರಿಸಿಕೊಂಡೇ ಇನ್ನೊಂದು ಮಾಡಿಕೊಟ್ಟ. ಒಟ್ಟು 600 ರೂಪಾಯಿ.

ಜೋಡಿಸುವಾಗ ಮೊದಲು ಸ್ಪ್ರಿಂಗ್ ಹಾಕಲಿಲ್ಲ. ಸ್ಪ್ರಿಂಗನ್ನು ಅವನ ಅಂಗಡಿಯಲ್ಲೇ ಕಂಪ್ರೆಸರ್ ಹಿಡಿಸಿ ಬಿಚ್ಚಿಸಿಕೊಂಡು ಬಂದಿದ್ದೆ, ಆ ಕೆಲಸ ಹಗ್ಗ, ತಂತಿ ಕಟ್ಟಿ ಮನೆಯಲ್ಲಿ ಮಾಡುವಂಥದ್ದಲ್ಲ. ಶಾಕಿಗೆ ಅಂಟಿಕೊಂಡಿರುವ ಚಿಕ್ಕ ಗ್ಯಾಸ್ ಬಾಟಲಿಯ ಕಡೆಗಂತೂ ಸ್ಪ್ಯಾನರ್ ತರಬೇಡಿ, ಒಳಗೆ ಒತ್ತಡದಲ್ಲಿ ನೈಟ್ರೋಜನ್ ಇರುತ್ತದೆ. ಫ್ರೇಮಿನ ಕೆಳಗೆ ಸಿಲ್ವರ್ ಓಕ್ ದಿಮ್ಮಿ ಕೊಟ್ಟು ಗಾಡಿ ನಿಲ್ಲಿಸಿ, ಸ್ಪ್ರಿಂಗ್ ಇಲ್ಲದ ಶಾಕ್ ಸಿಕ್ಕಿಸಿ, ಆಕ್ಸಲ್ ಕೆಳಗೆ ಜ್ಯಾಕ್ ಇಟ್ಟು ಶಾಕ್ ಪೂರ್ತಿ ಒತ್ತಿದಾಗ ತಡೆಯುವ ಕೊನೆಯ ರಬ್ಬರ್ ಅಪ್ಪಚ್ಚಿ ಆಗುವವರೆಗೂ ಎತ್ತಿದೆ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಉಳಿಯಿತು. ಆದರೆ ಗ್ಯಾಸ್ ಬಾಟಲಿ ಸೈಲೆನ್ಸರ್ ಪೈಪಿಗೆ ಮುತ್ತು ಕೊಡುತ್ತಿತ್ತು. ಶಾಕನ್ನು ಅರ್ಧ ಸುತ್ತು ತಿರುಗಿಸಿ ಬಾಟಲಿ ಎಡಗಡೆ ಬರುವ ಹಾಗೆ ಹಾಕಿದೆ, ಸರಿಹೋಯಿತು.

ಆಮೇಲೆ ಜ್ಯಾಕ್ ಇಳಿಸಿ ಚಕ್ರವನ್ನು ಪೂರ್ತಿ ಜೋತು ಬಿಟ್ಟೆ. 12 ಮಿ.ಮೀ. ಜಾಸ್ತಿ ಉದ್ದ ಅಂದರೆ ಚಕ್ರ 30 ಮಿ.ಮೀ. ಜಾಸ್ತಿ ಕೆಳಗೆ. ಬ್ರೇಕ್ ಹೋಸ್ ತಂತಿಯ ಹಾಗೆ ಬಿಗಿಯಾಗಿ ನಿಂತಿತ್ತು. ಕ್ಲಿಪ್ ಒಂದನ್ನು ಬಿಚ್ಚಿ ಒಂದು ಇಂಚು ಸಡಿಲ ಕೊಟ್ಟೆ. ಚೈನಿನದು ಇನ್ನೊಂದು ಕತೆ. ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲುಚಕ್ರ), ಸ್ವಿಂಗ್ ಆರ್ಮ್ ಪಿವಟ್ (ಅದು ಆಡುವ ಕೀಲು), ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ ಇರುತ್ತದೆ. ಹಾಗಾಗಿ ಜ್ಯಾಕಿನಲ್ಲಿ ಚಕ್ರವನ್ನು ಆ ಮಟ್ಟಕ್ಕೆ ತಂದು ಅಲ್ಲಿ ಸ್ವಲ್ಪ ಸಡಿಲ ಉಳಿಯುವ ಹಾಗೆ ಹೊಂದಿಸಬೇಕು. ನೆಲದ ಮೇಲೆ ನಿಲ್ಲಿಸಿ ಕಣ್ಣಂದಾಜಿನಲ್ಲಿ ಬಿಗಿ ಮಾಡಿದರೆ ಗುಂಡಿಗೆ ಇಳಿದಾಗ ಚೈನೇ ಶಾಕನ್ನು ಎಳೆದು ಹಿಡಿಯುತ್ತದೆ.

ಸ್ಪ್ರಿಂಗನ್ನು ಅಂಗಡಿಯಲ್ಲೇ ಮತ್ತೆ ಹಾಕಿಸಿಕೊಂಡು ಬಂದು ಮೊದಲ ಸಲ ಗದ್ದೆ ಕಡೆ ಇಳಿಸಿದೆ. ಹೆದರಿಕೆ ಆಯಿತು. ಹಿಂದೆ ಎತ್ತರ, ಮುಂದೆ ತಗ್ಗು, ಹ್ಯಾಂಡಲ್ ಚಿಕ್ಕ ಕಲ್ಲಿಗೂ ಪಟ್ ಅಂತ ತಿರುಗುತ್ತಿತ್ತು. ನಮ್ಮ ಇಳಿಜಾರಿನಲ್ಲಿ ಇದು ಆಟ ಅಲ್ಲ. ವಾಪಸ್ ಬಂದು ಅಳೆದೆ. ನಾನು ಹತ್ತಿ ಕೂತರೂ ಹಿಂಭಾಗ 18 ಮಿ.ಮೀ. ಮಾತ್ರ ಕೂರುತ್ತಿತ್ತು. ಈ ಶಾಕ್ ಇದ್ದದ್ದು ನಮ್ಮದಕ್ಕಿಂತ ಭಾರದ ಗಾಡಿಯಲ್ಲಿ, ಸ್ಪ್ರಿಂಗ್ ಗಟ್ಟಿ. ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಓಡಾಟ 187 (75ರ ಎರಡೂವರೆ ಪಟ್ಟು), ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಭಾರಕ್ಕೇ ಕೂರಬೇಕು. ಸಿ ಸ್ಪ್ಯಾನರ್ ತಗೊಂಡು ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿಯುವ ಪ್ರಿಲೋಡ್ ರಿಂಗನ್ನು 8 ಮಿ.ಮೀ. ಸಡಿಲಿಸಿದೆ, 38ಕ್ಕೆ ಬಂತು. ಪುಸ್ತಕದ ಲೆಕ್ಕಕ್ಕೆ ಇನ್ನೂ ಕಮ್ಮಿಯೇ. ಆದರೆ ನಾನು ಈ ಗಾಡಿಯನ್ನು ಖಾಲಿ ಓಡಿಸುವುದು ಯಾವಾಗ? ಹಿಂದಿನ ರ‍್ಯಾಕ್ ಮೇಲೆ ಒಂದು ಮೂಟೆ ಹಣ್ಣು ಇಟ್ಟು ಕೂತು ಅಳೆದರೆ 62. ಅಲ್ಲಿಗೇ ಲಾಕ್ ರಿಂಗ್ ಬಿಗಿ ಮಾಡಿದೆ. ಖಾಲಿ ಹೋಗುವಾಗ ಸ್ವಲ್ಪ ಬೆನ್ನಿಗೆ ಹೊಡೆಯುತ್ತದೆ, ಪರವಾಗಿಲ್ಲ.

ಮೊನ್ನೆ ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂತು. ಸ್ಪ್ರಿಂಕ್ಲರ್ ಪೈಪ್ ಎಲ್ಲ ವಾಪಸ್ ಶೆಡ್ಡಿಗೆ ಸಾಗಿಸಿದ್ದು ಇದರಲ್ಲೇ. ಅಪ್ಪ ಒಂದು ಸುತ್ತು ಹೋಗಿ ಬಂದು ಏನೂ ಹೇಳಲಿಲ್ಲ, ಹಸುವಿನ ಸುದ್ದಿಯನ್ನೂ ಎತ್ತಲಿಲ್ಲ.

ಜೂನ್ ಬರುವುದರೊಳಗೆ ಇನ್ನೊಂದು ಕೆಲಸ ಇದೆ. ಹಳೆ ಶಾಕನ್ನು ಕೊಂದದ್ದು ಕೆಸರು. ಟಯರ್ ಎರಚಿದ್ದೆಲ್ಲ ನೇರ ರಾಡಿಗೆ ಹೋಗಿ, ಒಣಗಿ, ಸೀಲನ್ನು ಮರಳು ಕಾಗದದ ಹಾಗೆ ಉಜ್ಜುತ್ತಿತ್ತು. ಲಾರಿಯ ಹಳೆ ಟ್ಯೂಬ್ ಕತ್ತರಿಸಿ ಶಾಕಿನ ಹಿಂದೆ ಪರದೆ ಕಟ್ಟುತ್ತಿದ್ದೇನೆ. ಮೇಲೆ ಎರಡು ಬೋಲ್ಟ್ ಕೂತಿವೆ. ಕೆಳಗಿನದಕ್ಕೆ ಚೈನಿಗೆ ತಾಗದ ಜಾಗ ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ತಂತಿ ಕಟ್ಟಿ ಓಡಿಸುತ್ತಿದ್ದೇನೆ.