ಮೂವರು ಎಸ್. ಬಿ. ಬಿರಾದಾರ

ಹೋದ ತಿಂಗಳು ನಮ್ಮ ಇತಿಹಾಸದ ಸರ್ ತೀರಿಕೊಂಡರು. ಸುದ್ದಿ ಕೇಳಿದ ಕೂಡಲೇ ಕಾಲೇಜಿನ ವೇದಿಕೆಯ ಎಡಗಡೆ ಮೆಟ್ಟಿಲು ಕಣ್ಣ ಮುಂದೆ ಬಂತು. ಅವರು ಮಾಡಿದ ಪಾಠ ಒಂದೂ ನೆನಪಿಲ್ಲ. ಆ ಮೆಟ್ಟಿಲು ಮರೆತಿಲ್ಲ.

ಅದು 1997. ಊರು ಇನ್ನೂ ಬಿಜಾಪುರ. ಈಗ ನಮ್ಮ ಕಡೆಯ ಕಾಲೇಜುಗಳು ಸೇರಿರುವ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದದ್ದು 2010ರಲ್ಲಿ; ಆಗ ಘಟಿಕೋತ್ಸವ ಅಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಸುಮಾರು 200 ಕಿಲೋಮೀಟರ್. ಹೊಲ-ಮನೆ ಬಿಟ್ಟು ಅಪ್ಪ-ಅವ್ವ ಅಷ್ಟು ದೂರ ಹೋಗೋದು ಎಲ್ಲಿ ಬಂತು? ಅದಕ್ಕೇ ಸರ್, ಅಲ್ಲಿಂದ ಬಂದ ಪದವಿ ಪತ್ರಗಳನ್ನು ಆಫೀಸಿನ ಕಿಟಕಿಯಲ್ಲಿ ಕೊಡಲು ಬಿಡುತ್ತಿರಲಿಲ್ಲ. ಕಾಲೇಜಿನಲ್ಲೇ ಸಮಾರಂಭ ಮಾಡಿ, ಒಬ್ಬೊಬ್ಬರ ಹೆಸರು ಕೂಗಿ ಕೊಡಿಸುತ್ತಿದ್ದರು.

ನಾನು ಎರಡನೇ ವರ್ಷದ ಬಿ.ಎ. ಮೆಟ್ಟಿಲ ಬಳಿ ನಿಲ್ಲುವ ಕೆಲಸ ನನ್ನದು. ಪ್ರತಿಯೊಬ್ಬರ ಕೈಯಲ್ಲೂ ಅವರವರ ಹೆಸರಿನ ಚೀಟಿ. ಅದನ್ನು ಇಸಿದುಕೊಂಡು, ಮೇಜಿನ ಮೇಲಿನ ಪತ್ರಕ್ಕೆ ತಾಳೆ ನೋಡಿ, ಆಮೇಲೇ ಮೇಲೆ ಬಿಡಬೇಕು. "ತಮ್ಮಾ, ಒಬ್ಬಾವ ಬರಲಿಲ್ಲಂದ್ರ ಹಿಂದಿನವರದೆಲ್ಲ ಏರುಪೇರಾಗತೈತಿ. ಪಟ್ಟಿ ನಂಬಬ್ಯಾಡ, ಚೀಟಿ ನೋಡು" ಅನ್ನುತ್ತಿದ್ದರು. ನಮ್ಮ ಭಾಗದಲ್ಲಿ ಬಿರಾದಾರರು ಎಷ್ಟು ಮಂದಿ ಅಂತ ಗೊತ್ತಲ್ವಾ? ಆ ವರ್ಷ ಎಸ್. ಬಿ. ಬಿರಾದಾರ ಅಂತಲೇ ಮೂವರಿದ್ದರು.

ಹಿಂದಿನ ರಾತ್ರಿ ಪತ್ರ ಕಾಯಲು ನಾವು ಮೂವರು ಗೆಳೆಯರು ಉಳಿದೆವು. ಸುಮ್ನೆ ಇರಲಾಗಲಿಲ್ಲ. ಒಬ್ಬ ಅತಿಥಿಗಳಿಗೆ ತಂದಿದ್ದ ಶಾಲು ಹೊದ್ದು ವೇದಿಕೆ ಮೇಲೆ ನಿಂತ. ನಾವಿಬ್ಬರು ಯಾರ ಯಾರದೋ ಪದವಿ ತೆಗೆದುಕೊಂಡು, ಕೈ ಕುಲುಕಿ, ಖಾಲಿ ಕುರ್ಚಿಗಳಿಗೆ ಕೈ ಮುಗಿದೆವು. ಕಾವಲುಗಾರನ ಟಾರ್ಚ್ ಕಂಡದ್ದೇ ತಡ, ಸಿಕ್ಕಸಿಕ್ಕಲ್ಲಿ ತುರುಕಿಟ್ಟೆವು.

ಬೆಳಿಗ್ಗೆ ಆರಕ್ಕೇ ಸರ್ ಬಂದು ಕಟ್ಟು ಬಿಚ್ಚಿದರು. ಹನ್ನೊಂದು ಪತ್ರ ಜಾಗ ತಪ್ಪಿದ್ದವು. ಬೈಯಲಿಲ್ಲ. ಒಂದನ್ನು ನನ್ನ ಕೈಗಿಟ್ಟು, "ಇವನ ಅವ್ವ ಇಂಡಿಯಿಂದ ಮೊದಲನೇ ಬಸ್ಸಿಗೆ ಬರಾಕತ್ತಾಳ. ಮಗನ ಕೈಯಾಗ ಬ್ಯಾರೇದವನ ಹೆಸರಿನ ಕಾಗದ ಕೊಡ್ತೀಯೇನು?" ಅಂದರು. ನನ್ನ ಗಂಟಲು ಕಟ್ಟಿತು. ಆಮೇಲೆ ಅಷ್ಟೂ 214 ಹೆಸರು ನಮ್ಮಿಂದಲೇ ಗಟ್ಟಿಯಾಗಿ ಓದಿಸಿದರು. ಅವತ್ತು ಒಂದೂ ತಪ್ಪಲಿಲ್ಲ.

ಈಗ ಎಷ್ಟೋ ಕಡೆ ವೇದಿಕೆ ಮೇಲೆ ಖಾಲಿ ಫೈಲು ಕೊಟ್ಟು ಫೋಟೊ ಹೊಡೆಯುತ್ತಾರೆ, ಪತ್ರ ಆಮೇಲೆ ಕೌಂಟರಿನಲ್ಲಿ. ಡಿಜಿಲಾಕರ್‌ನಲ್ಲಿ ಪದವಿ ಪತ್ರ ಮೊಬೈಲಿಗೇ ಸಿಗುತ್ತದೆ, ಕಳೆಯುವ ಭಯವಿಲ್ಲ, ಒಳ್ಳೆಯದೇ. ಆದರೆ ಮಗಳ ಹೆಸರು ಕೂಗಿದಾಗ ಹಿಂದಿನ ಸಾಲಿನಲ್ಲಿ ಎದ್ದು ನಿಲ್ಲುವ ಅಪ್ಪನಿಗೆ ಮೊಬೈಲು ಸಾಕೇ?

ನಾನೂ ಈಗ ಒಂದು ಕಾಲೇಜಿನಲ್ಲಿ ಪರೀಕ್ಷಾ ವಿಭಾಗ ನೋಡಿಕೊಳ್ಳುತ್ತೇನೆ. ಹನ್ನೆರಡು ವರ್ಷದಲ್ಲಿ ನನ್ನ ವೇದಿಕೆಯಿಂದ ಒಬ್ಬರೂ ಬೇರೆಯವರ ಪತ್ರ ಹಿಡಿದು ಇಳಿದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಈ ಸಲವೂ ಹಿಂದಿನ ರಾತ್ರಿ ಹುಡುಗರನ್ನು ಕೂರಿಸಿಕೊಂಡು ಅಷ್ಟೂ ಹೆಸರು ಗಟ್ಟಿಯಾಗಿ ಓದಿದೆವು. ಬಿರಾದಾರರು ಒಂಬತ್ತು ಮಂದಿ ಇದ್ದರು.