ಕೆಮ್ಮಣ್ಣುಗುಂಡಿಯಲ್ಲಿ ಕಾಜಾಣನ ಮಿಮಿಕ್ರಿ

ಜೂನ್ 9, 2024, ಭಾನುವಾರ

ಬೈನಾಕ್ಯುಲರ್ ಕೊರಳಿಗೆ ಸುಮ್ನೆ ಭಾರ. ಎದುರಿಗಿರುವ ಮರವೇ ಕಾಣದಷ್ಟು ಮಂಜು, ಕಾಲಿಗೆ ಇಂಬಳ. ಆದರೂ ಹಕ್ಕಿಗಳ ದನಿ ಕಲಿಯಬೇಕು ಅನ್ನುವವರು ಬಾಬಾಬುಡನ್‌ಗಿರಿಗೆ ಮಳೆಗಾಲದ ಶುರುವಿನಲ್ಲೇ ಬರಬೇಕು ಅಂತೀನಿ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಬಂದು ಗೊಂದಲ ಹುಟ್ಟಿಸುವ ಉಲಿಯಕ್ಕಿಗಳೆಲ್ಲ (ವಾರ್ಬ್ಲರ್) ಇಷ್ಟೊತ್ತಿಗೆ ವಾಪಸ್ ಹೋಗಿರುತ್ತವೆ. ಉಳಿದಿರುವುದು ಇಲ್ಲಿನವೇ.

ಬೆಳಕು ಹರಿಯುವ ಮೊದಲೇ ಮಲಬಾರ್ ವಿಸ್ಲಿಂಗ್ ಥ್ರಷ್ ಶುರು ಮಾಡಿತ್ತು. ಇದಕ್ಕೆ ದನಿ ಕೇಳಿ ಹಕ್ಕಿ ಹೆಸರು ಹೇಳುವ ಆ್ಯಪ್ ಬೇಡ, ಬಿಡಿ. ಪಾಠ ಬಾರದ ಹುಡುಗ ಯಾವುದೋ ರಾಗ ಹಿಡಿದು ಅರ್ಧಕ್ಕೇ ಮರೆತು ಮತ್ತೆ ಸಿಳ್ಳೆ ಹಾಕಿದ ಹಾಗೆ. ಆಮೇಲೆ ರಸ್ತೆ ಬದಿಯ ಮೋರಿ ಹತ್ತಿರ ಹಕ್ಕಿಯೇ ಸಿಕ್ಕಿತು. ದೂರದಿಂದ ಬರೀ ಕಪ್ಪು, ತಲೆ ತಿರುಗಿಸಿದಾಗ ಮಾತ್ರ ಹಣೆ ಮೇಲೆ, ಹೆಗಲ ಮೇಲೆ ನೀಲಿ ಮಿಂಚುತ್ತದೆ. ಬಾಯಲ್ಲೊಂದು ಪುಟ್ಟ ಏಡಿ. ಅದನ್ನು ಕಲ್ಲಿಗೆ ಬಡಿದು, ಕೆಳಗೆ ಹಾಕಿ, ಮತ್ತೆ ಎತ್ತಿ ಬಡಿದು, ಕಾಲುಗಳೆಲ್ಲ ಉದುರಿದ ಮೇಲೆ ನುಂಗಿತು.

ನಿಜವಾದ ತರಲೆ ಅಂದ್ರೆ ಭೀಮರಾಜ. ಬಾಲದ ತುದಿಯಲ್ಲಿ ಎರಡು ಉದ್ದ ಗರಿ ತೂಗುಹಾಕಿಕೊಂಡಿರುವ ದೊಡ್ಡ ಕಾಜಾಣ. ಆ್ಯಪ್ ಆನ್ ಮಾಡಿದ್ದೆ, ಪರದೆ ಮೇಲೆ ಮೊದಲು ಪನ್ನಗಾರಿ ಹದ್ದು, ಹಿಂದೆಯೇ ಹರಟೆಮಲ್ಲ (ಬ್ಯಾಬ್ಲರ್), ಅದರ ಹಿಂದೆ ಶಿಕ್ರಾ ಅನ್ನುವ ಬೇಟೆ ಹಕ್ಕಿ ಅಂತ ಹೆಸರುಗಳು ಸಾಲಾಗಿ ಬಂದವು. ಆ್ಯಪ್ ಪಾಪ, ಕೇಳಿದ್ದನ್ನು ಹೇಳುತ್ತದೆ ಅಷ್ಟೆ. ಹೇಳುತ್ತಿರುವುದು ಯಾರು ಅಂತ ನಾವೇ ನೋಡಬೇಕು, ಅಲ್ವಾ? ಪನ್ನಗಾರಿ ಸಾಮಾನ್ಯವಾಗಿ ಬಿಸಿಲೇರಿದ ಮೇಲೆ ಆಕಾಶದಲ್ಲಿ ಸುತ್ತುತ್ತಾ ಕೂಗುತ್ತದೆ. ಇಲ್ಲಿ ದನಿ ಬರುತ್ತಿದ್ದದ್ದು ಮರದ ನಡುಕೊಂಬೆಯಿಂದ, ಅದೂ ಮಂಜಲ್ಲಿ. ಮೂರೂ ಕೂಗು ಒಂದೇ ಜಾಗದಿಂದ, ಮಧ್ಯೆ ಮಧ್ಯೆ ತಗಡು ತಟ್ಟಿದಂಥ ಭೀಮರಾಜನ ಸ್ವಂತ ದನಿ ಬೇರೆ. ಕೆಳಗೆ ಹರಟೆಮಲ್ಲಗಳು ಒಣಎಲೆ ಕೆದಕುತ್ತಾ ನೆಮ್ಮದಿಯಾಗಿದ್ದವು. ನಿಜವಾದ ಶಿಕ್ರಾ ಅಷ್ಟು ಹತ್ತಿರ ಕೂತಿದ್ದರೆ ಅವು ಹಾಗೆ ಇರುತ್ತಿದ್ದವಾ? ಅವು ಎಬ್ಬಿಸಿದ ಹುಳಗಳನ್ನು ಹಾರಿ ಹಿಡಿಯುವುದಕ್ಕೇ ಈ ಮಹಾಶಯ ಮೇಲೆ ಕೂತಿರುವುದು.

ಮೇಲಿನಿಂದ ಕಟಕಟ ಅಂತ ಒಂದೇ ಸಮನೆ ಸದ್ದು ಬಂದಿದ್ದು ಹಕ್ಕಿಯದ್ದಲ್ಲ, ಕೆಂದಳಿಲಿನದು. ಮೈಗಿಂತ ಉದ್ದದ ಬಾಲ ಕೊಂಬೆಯಿಂದ ಇಳಿಬಿದ್ದಿತ್ತು.

ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನೊಳಗೆ ಹೋಗುವ ಆಸೆ ನೀಲಗಿರಿ ಬ್ಲೂ ರಾಬಿನ್‌ಗಾಗಿ. ಬೆನ್ನು ನೀಲಿ, ಪಕ್ಕೆ ಕಂದುಗೆಂಪು, ಪೊದೆ ಬಿಟ್ಟು ಈಚೆ ಬರುವುದೇ ಅಪರೂಪ. ಈ ಗಿರಿಸಾಲು, ಕೊಡಗಿನ ಬ್ರಹ್ಮಗಿರಿ, ನೀಲಗಿರಿ, ಹೀಗೆ ಎತ್ತರದ ಕೆಲವೇ ಬೆಟ್ಟಗಳಲ್ಲಿ ಇರುವಂಥದ್ದು. ಇದರ ಗುಂಪು ಬೇರೆಯೇ ಅಂತ ಡಿಎನ್‌ಎ ನೋಡಿ 2017ರಲ್ಲಿ ಹೊಸ ಕುಲಕ್ಕೆ (ಜೀನಸ್) ಸೇರಿಸಿದರು. ಇವತ್ತು ಕೇಳಿದ್ದು ಸಣ್ಣದೊಂದು ಹಾಡಿನ ತುಣುಕು, ಅದೂ ನೀರಿನ ಸದ್ದಿನ ನಡುವೆ. ಅದನ್ನು ಪಟ್ಟಿಗೆ ಸೇರಿಸಲಿಲ್ಲ.

ಪನ್ನಗಾರಿಯನ್ನೂ ಅಷ್ಟೆ. ಜೊತೆಗಿದ್ದ, ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರಿಗೆ ಇದು ಹಿಡಿಸಲಿಲ್ಲ. "ಬರ್ಕೊಳ್ಳಿ ಸಾರ್, ಹದ್ದು ಇಲ್ಲಿ ಇದ್ದೇ ಇದೆ, ಇವತ್ತು ಮನೇಲಿ ಮಲಗಿರಬಹುದು ಅಷ್ಟೆ" ಅಂದರು.